ಮುಟ್ಟಬಾರದ ಡಬ್ಬಿ

ನಾನು ಮದುವೆಯಾಗಿ ಬಂದ ಮನೆಯಲ್ಲಿ ಮಾಂಸ ಬೇಯುತ್ತಿರಲಿಲ್ಲ, ಮೊಟ್ಟೆಯ ಹೆಸರು ಎತ್ತುವಂತಿರಲಿಲ್ಲ. ಆದರೆ ಮುಂದಿನ ಕೋಣೆಯಲ್ಲಿ ಮೂವತ್ತು ನಲವತ್ತು ಬಂದೂಕುಗಳು ಗೋಡೆಗೆ ಸಾಲಾಗಿ ನಿಂತಿರುತ್ತಿದ್ದವು. ತುಮಕೂರಿನಲ್ಲಿ ನಮ್ಮದು ಬಂದೂಕು, ಮದ್ದು, ಗುಂಡು ಮಾರುವ ಅಂಗಡಿ. ಮಾವನವರ ತಂದೆ ಶುರು ಮಾಡಿದ್ದು, ಮಾವನವರು ಬೆಳೆಸಿದ್ದು, ಮುಂದೆ ನನ್ನ ಗಂಡನ ಕೈಗೆ ಬರಬೇಕಾದದ್ದು. ಬೀದಿಗೆ ಅಂಗಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು, ಅದಕ್ಕೊಂದು ನೀಲಿ ಪರದೆ. ಗಿರಾಕಿಗಳಿರುವಾಗ ಸೊಸೆಯಾದವಳು ಆ ಪರದೆ ದಾಟುವಂತಿರಲಿಲ್ಲ.

ನಮ್ಮಪ್ಪ ಗುಬ್ಬಿಯಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು. ನಮ್ಮನೆಯಲ್ಲಿದ್ದ ಅತಿ ದೊಡ್ಡ ಆಯುಧವೆಂದರೆ ಈಳಿಗೆ ಮಣೆ. ಈ ಸಂಬಂಧ ಬಂದಾಗ ಅಮ್ಮ, ಕೊಲ್ಲೋ ಸಾಮಾನು ಮಾರೋ ಮನೆಗೆ ಹೆಣ್ಣು ಕೊಡೋದಾ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಕೊಲ್ಲೋರು ಬೇರೆ, ಮಾರೋರು ಬೇರೆ ಅಂತ ಅಪ್ಪ ಸಮಾಧಾನ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ, ಹಾಗಾಗಿ ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಆ ಜಂಬ ಯಾರ ತಲೆಯ ಮೇಲೆ ಬಿತ್ತು ಅನ್ನುವುದನ್ನೇ ಈಗ ಬರೆಯುತ್ತಿದ್ದೇನೆ. ಐವತ್ತರ ದಶಕ ಮುಗಿದು ಅರವತ್ತಕ್ಕೆ ಕಾಲಿಡುತ್ತಿದ್ದ ಕಾಲದ ಮಾತು.

ಗಿರಾಕಿಗಳೆಲ್ಲ ಹಳ್ಳಿಯವರು. ಗುಬ್ಬಿ ಕಡೆಯವರಿಗೆ ತೆಂಗಿನ ತೋಟಕ್ಕೆ ನುಗ್ಗುವ ಕೋತಿ ಹೆದರಿಸಬೇಕು, ಮಾರ್ಕೋನಹಳ್ಳಿಯ ನಾಲೆ ಬಯಲಿನವರಿಗೆ ಕಬ್ಬು ತಿನ್ನುವ ಹಂದಿ ಹೊಡೆಯಬೇಕು, ಬೆಳ್ಳಾವಿಯವರೊಬ್ಬರಿಗೆ ಯಾವುದಕ್ಕೂ ಬೇಡ, ಮಗಳ ಮದುವೆಯಲ್ಲಿ ಆಕಾಶಕ್ಕೆ ಎರಡು ಈಡು ಹಾರಿಸಿದರೆ ಸಾಕು. ಒಳಗೆ ಕೂತು ಅವರ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದೆವು. ಅತ್ತೆ ಪ್ರತಿ ಅಮಾವಾಸ್ಯೆಗೆ ಹಿತ್ತಲಿನ ಇರುವೆ ಗೂಡಿಗೆ ಸಕ್ಕರೆ ಹಾಕುತ್ತಿದ್ದರು. ನಮ್ಮ ಅಂಗಡಿಯ ಮದ್ದಿನಿಂದ ಸತ್ತ ಜೀವಗಳಿಗೆ ಅದು ಪರಿಹಾರ. ಒಂದು ಹಂದಿಗೆ ಎಷ್ಟು ಇರುವೆ ಸಮ ಅಂತ ನಾನೊಮ್ಮೆ ಕೇಳಿ ಚೆನ್ನಾಗಿ ಬೈಸಿಕೊಂಡೆ.

ಅಂಗಡಿಯ ಹೆಸರು ನಿಂತಿದ್ದದ್ದು ತೋಟೆಯ ಮೇಲೆ. ತೋಟೆ ಅಂದರೆ ಬಂದೂಕಿಗೆ ಹಾಕುವ ಕೊಳವೆ, ಒಳಗೆ ಮದ್ದು, ಅದರ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಆ ವರ್ಷಗಳಲ್ಲಿ ಹೊರದೇಶದಿಂದ ಬರುವ ತೋಟೆ ಕಡಿಮೆಯಾಗುತ್ತಾ ಬಂದಿತ್ತು. ಹೊಡೆದು ಖಾಲಿಯಾದ ಕೊಳವೆಗಳನ್ನು ಗಿರಾಕಿಗಳು ವಾಪಸ್ ತಂದುಕೊಡುತ್ತಿದ್ದರು, ನಾವು ಅದಕ್ಕೆ ಮತ್ತೆ ತುಂಬಿ ಕೊಡುತ್ತಿದ್ದೆವು. ಕೊಳವೆಯ ಹಿಂಬದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸುವುದು ನನ್ನ ಗಂಡನ ಕೆಲಸ. ಮಿಕ್ಕದ್ದೆಲ್ಲ ಒಳಗಿನ ಹೆಂಗಸರದು. ಹೆಸರು ಮಾತ್ರ ಗಂಡಸರದು, ಅದು ಬಿಡಿ, ಎಲ್ಲಿ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಒಲೆ ಆರಿಸಿ, ಬೂದಿ ತೆಗೆದು, ಚಾಪೆ ಹಾಸಿ ಕರಿ ಮದ್ದಿನ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದರು. ಕೊಂಬಿನಲ್ಲಿ ಕೊರೆದ ಪುಟ್ಟ ಅಳತೆಯೊಂದಿತ್ತು. ಒಂದು ಕೊಳವೆಗೆ ಒಂದು ಅಳತೆ. ಸಂಡಿಗೆ ಇಡುವಾಗ ಮಾತಾಡುವಷ್ಟೇ ಆರಾಮವಾಗಿ ನಾವು ಮಾತಾಡಿಕೊಂಡು ತುಂಬುತ್ತಿದ್ದೆವು. ನನ್ನ ಕೈ ಬಲು ಚುರುಕು. ಅತ್ತೆ ಒಂದು ಮುಗಿಸುವಷ್ಟರಲ್ಲಿ ನಾನು ಎರಡು ಮುಗಿಸುತ್ತಿದ್ದೆ, ಅದನ್ನು ಅವರಿಗೆ ಕಾಣುವ ಹಾಗೆ ಇಡುತ್ತಲೂ ಇದ್ದೆ.

ಆ ಮನೆಯಲ್ಲಿ ಮುಟ್ಟಬಾರದ್ದು ಬಹಳ. ಮಡಿ ನೀರಿನ ಬಿಂದಿಗೆ ಮುಟ್ಟಬಾರದು. ಉಪ್ಪಿನಕಾಯಿ ಜಾಡಿ ಸ್ನಾನಕ್ಕೆ ಮೊದಲು ಮುಟ್ಟಬಾರದು. ತಿಂಗಳ ಮೂರು ದಿನ ಏನನ್ನೂ ಮುಟ್ಟಬಾರದು. ಶನಿವಾರ ಎಣ್ಣೆ ಡಬ್ಬಿ, ಶುಕ್ರವಾರ ಪೊರಕೆ. ಏಕೆ ಅಂತ ಕೇಳಿದರೆ ಉತ್ತರ ಇಲ್ಲ. ಮುಟ್ಟಬಾರದು ಅಂದರೆ ಮುಟ್ಟಬಾರದು. ಮೊದಮೊದಲು ಕೇಳಿದೆ, ಆಮೇಲೆ ಒಳಗೊಳಗೇ ನಗುವುದು ಕಲಿತೆ. ಅತ್ತೆ ಆಚೆ ಹೋದಾಗ ಬೇಕಂತಲೇ ಒಂದೆರಡು ಮುಟ್ಟಿಯೂ ನೋಡಿದ್ದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಟ್ಟದ ಮೇಲೆ ಒಂದು ಹಸಿರು ಬಣ್ಣದ ತಗಡಿನ ಡಬ್ಬಿ ಇತ್ತು. ಬಿಳಿಯ ಅಧಿಕಾರಿಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಬಂದೂಕುಗಳನ್ನೆಲ್ಲ ನಮ್ಮ ಅಂಗಡಿಗೆ ಮಾರಿದ್ದರಂತೆ, ಅದರ ಜೊತೆ ಬಂದದ್ದು. ನಾನು ಹೊಸದರಲ್ಲಿ ಅಟ್ಟ ಗುಡಿಸುವಾಗ ಅತ್ತೆ ಕೆಳಗಿನಿಂದಲೇ, ಅದು ನಮ್ಮ ಡಬ್ಬಿ ಅಲ್ಲ, ಮುಟ್ಟಬೇಡ ಅಂದರು. ಮಾಂಸ, ಹೆಂಡ ಓಡಾಡುವ ಮನೆಯ ಸಾಮಾನು, ಮೈಲಿಗೆ, ಅದಕ್ಕೇ ಹೇಳುತ್ತಿದ್ದಾರೆ ಅಂದುಕೊಂಡೆ. ಅದರಲ್ಲಿದ್ದದ್ದು ಬೇರೆ ಜಾತಿಯ ಮದ್ದು. ನಮ್ಮ ಕರಿ ಮದ್ದಿನ ಅಳತೆಯ ಅರ್ಧಕ್ಕಿಂತಲೂ ಕಡಿಮೆ ಸಾಕು. ಕರಿ ಮದ್ದಿನಷ್ಟೇ ತುಂಬಿದರೆ ಬಂದೂಕಿನ ನಳಿಗೆ ತಡೆಯುವುದಿಲ್ಲ, ಹೊಡೆದವನ ಕೈಯಲ್ಲೇ ಒಡೆಯುತ್ತದೆ. ಇದು ಮಾವನವರಿಗೆ ಗೊತ್ತಿತ್ತು, ನನ್ನ ಗಂಡನಿಗೆ ಗೊತ್ತಿತ್ತು, ಅತ್ತೆಗೆ ಅಪಾಯ ಅನ್ನುವಷ್ಟು ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ನೂರು ಸುಳ್ಳು ಮುಟ್ಟಬಾರದುಗಳ ನಡುವೆ ಒಂದು ನಿಜವಾದದ್ದನ್ನು ಇಟ್ಟು, ಎರಡಕ್ಕೂ ಒಂದೇ ಮಾತು ಹೇಳಿದರೆ ಮನೆಗೆ ಹೊಸದಾಗಿ ಬಂದವಳಿಗೆ ಹೇಗೆ ತಿಳಿಯಬೇಕು? ಈ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಆದರೆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನನಗೆ ಓದಲು ಬರುತ್ತಿತ್ತು, ಓದಲಿಲ್ಲ. ಅದನ್ನೂ ಹೇಳಬೇಕು.

ನಾನು ಆ ಮನೆಗೆ ಬಂದ ಮೇಲಿನ ಮೊದಲ ಆಯುಧಪೂಜೆ. ಬೇರೆಯವರಿಗೆ ಅದು ಹಬ್ಬ, ನಮಗೆ ಅದೇ ಕುಲದೇವರ ದಿನ. ಬಂದೂಕುಗಳಿಗೆಲ್ಲ ಎಣ್ಣೆ ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾಕಿದೆವು. ತುಂಬಿದ ತೋಟೆಗಳ ಕಬ್ಬಿಣದ ಬೀರುವಿಗೆ ಗಂಧದ ಪಟ್ಟೆ ಬಳಿದು, ಬಾಗಿಲಿಗೆ ಅಡ್ಡಲಾಗಿ ಹಾರ ಬಿಟ್ಟರು. ಕರಿ ಮದ್ದಿನ ಪಾತ್ರೆ, ಕೊಂಬಿನ ಅಳತೆ, ಸುತ್ತಿಗೆ, ತಿರುಪುಳಿ ಎಲ್ಲವೂ ದೇವಿಯ ಪಟದ ಮುಂದೆ. ಒಂದು ಸಲ ಪೂಜೆಗೆ ಇಟ್ಟರೆ ಮಾರನೆಯ ದಿನ ವಿಜಯದಶಮಿಯಂದು ಮಾವನವರು ಮಂಗಳಾರತಿ ಮಾಡಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಆಯುಧಕ್ಕೂ ವರ್ಷಕ್ಕೊಂದು ದಿನ ನಿದ್ದೆ ಬೇಕು ಅನ್ನುತ್ತಿದ್ದರು. ಹಸಿರು ಡಬ್ಬಿಯನ್ನು ಮಾತ್ರ ಪೂಜೆಗೆ ಇಡಲಿಲ್ಲ. ಅದು ನಮ್ಮದಲ್ಲವಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಕುಣಿಗಲ್ ತಾಲ್ಲೂಕಿನಿಂದ ಒಬ್ಬರು ಬಂದರು. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿಯ ಪಟೇಲರು, ನಮ್ಮ ಅಂಗಡಿಯಲ್ಲೇ ಜೋಡುನಳಿಗೆ ಬಂದೂಕು ಕೊಂಡಿದ್ದ ಹಳೆಯ ಗಿರಾಕಿ. ಪರದೆಯ ಈಚೆಯಿಂದ ಅವರ ದನಿ ಕೇಳಿದರೇ ದಣಿದು ಬಂದಿದ್ದಾರೆ ಅಂತ ತಿಳಿಯುತ್ತಿತ್ತು. ಅವರ ಊರಿಗೆ ಚಿರತೆ ಬಿದ್ದಿತ್ತು. ನಾಯಿ, ಕರು ಹೊತ್ತೊಯ್ಯುತ್ತಿದ್ದದ್ದು ಹಿಂದಿನ ದಿನ ಹುಲ್ಲಿಗೆ ಹೋದ ಹೆಂಗಸಿನ ಮೇಲೆ ಎರಗಿತ್ತು. ನಾಳೆ ಊಟವಾದ ಮೇಲೆ ಊರೆಲ್ಲ ಸೇರಿ ಬೆಟ್ಟದ ಬುಡದ ಪೊದೆ ಬಡಿದು ಅದನ್ನು ಹೊರಡಿಸುವುದು, ಪಟೇಲರು ಹೊಡೆಯುವುದು ಅಂತ ತೀರ್ಮಾನವಾಗಿತ್ತು. ಅವರ ಹತ್ತಿರ ಒಂದೂ ತೋಟೆ ಉಳಿದಿರಲಿಲ್ಲ.

ಮಾವನವರು ಬೀರು ತೆಗೆಯಲು ಒಪ್ಪಲಿಲ್ಲ. ಪಟೇಲರು ಕೈ ಮುಗಿದು ಕೇಳಿರಬೇಕು, ಬುಡಿ ಸ್ವಾಮಿ, ಆ ಹೆಂಗ್ಸು ಬದುಕ್ತಾಳೋ ಇಲ್ವೋ ಅಂತ ಏನೇನೋ ಹೇಳುತ್ತಿದ್ದರು. ಕೊನೆಗೆ ಮಾವನವರು ಒಂದು ದಾರಿ ಕಂಡುಕೊಂಡರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ. ಪೂಜೆಗೆ ಇಟ್ಟದ್ದನ್ನು ಮುಟ್ಟುವ ಹಾಗಿಲ್ಲ, ಇಡದೆ ಬಿಟ್ಟದ್ದನ್ನು ಮುಟ್ಟಿದರೆ ದೋಷವಿಲ್ಲ. ಅಟ್ಟದ ಮೇಲೆ ಕರಿ ಮದ್ದಿನ ಸಣ್ಣ ಪೊಟ್ಟಣವೊಂದು ಯಾವಾಗಲೂ ಇರುತ್ತಿತ್ತು. ಅದನ್ನು ನೆನೆದು ಅವರು ಪರದೆಯ ಕಡೆ ತಿರುಗಿ, ಅಟ್ಟದಲ್ಲಿರೋ ಮದ್ದಿನಲ್ಲಿ ಹತ್ತು ತೋಟೆ ತುಂಬಿಕೊಡಿ, ದೊಡ್ಡ ಗುಂಡು ಹಾಕಿ ಅಂದರು. ಆ ಪೊಟ್ಟಣವನ್ನು ನನ್ನ ಗಂಡ ಬೆಳಿಗ್ಗೆಯೇ ಇಳಿಸಿ, ಅದೊಂದು ಯಾಕೆ ಬಿಡಬೇಕು ಅಂತ ಪೂಜೆಗೆ ಇಟ್ಟಿದ್ದ ಸಂಗತಿ ಅವರಿಗೆ ತಿಳಿಯದು. ನನಗಂತೂ ಅಂಥ ಪೊಟ್ಟಣವೊಂದು ಇರುತ್ತದೆ ಅನ್ನುವುದೇ ತಿಳಿಯದು.

ಒಳಗಿದ್ದವಳು ನಾನೊಬ್ಬಳೇ. ಅತ್ತೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು, ನನ್ನ ಗಂಡ ನೆಂಟರ ಮನೆಗಳಿಗೆ ಪ್ರಸಾದ ಕೊಡಲು ಹೋಗಿದ್ದ. ಅಟ್ಟ ಹತ್ತಿ ನೋಡಿದೆ. ಕೇಪು ಕೂರಿಸಿಟ್ಟ ಖಾಲಿ ಕೊಳವೆಗಳ ಚೀಲ, ಬಿಲ್ಲೆ, ಸೀಸದ ಗುಂಡು ಇದ್ದವು. ಮದ್ದು ಅಂತ ಇದ್ದದ್ದು ಹಸಿರು ಡಬ್ಬಿಯಲ್ಲಿ ಮಾತ್ರ. ಮುಚ್ಚಳ ತೆಗೆದೆ. ಕರಿ ಮದ್ದಿನ ಹಾಗಿರಲಿಲ್ಲ, ಬೂದಿ ಬಣ್ಣದ ಗಸಗಸೆಯ ಹಾಗಿತ್ತು. ಒಂದು ಗಳಿಗೆ ಅನುಮಾನ ಬಂದದ್ದು ನಿಜ. ಕೇಳಬಹುದಿತ್ತು. ಆದರೆ ಸೊಸೆ ಮಾವನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ, ಪರಗಂಡಸು ಕೂತಿರುವಾಗ ಪರದೆ ಸರಿಸುವುದಂತೂ ಆಗದ ಮಾತು. ಇದು ಅರ್ಧ ಕಾರಣ. ಇನ್ನರ್ಧ, ಮೈಲಿಗೆ ಡಬ್ಬಿ ಅಂತ ಹೆದರಿದಳು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮಾವನವರೇ ಅಟ್ಟದಲ್ಲಿರುವುದು ಅಂದಿದ್ದಾರೆ, ಇನ್ನೇನು ಅಂದುಕೊಂಡೆ.

ಕೊಂಬಿನ ಅಳತೆ ದೇವಿಯ ಮುಂದೆ ಮಲಗಿತ್ತು. ಅದು ನಮ್ಮ ತುಪ್ಪದ ಮಿಳ್ಳೆಗೆ ಸರಿಸಮ ಅಂತ ಒಂದು ಸಲ ಅತ್ತೆಯೇ ಹೇಳಿದ್ದರು. ಮಿಳ್ಳೆಯನ್ನು ಸೀಗೆಪುಡಿ ಹಾಕಿ ತೊಳೆದು, ಒರೆಸಿ, ಒಣಗಿಸಿ, ಒಂದೊಂದಕ್ಕೆ ಒಂದೊಂದು ಮಿಳ್ಳೆ ತಲೆ ತಟ್ಟಿ ತುಂಬಿದೆ. ಹತ್ತೂ ಚೊಕ್ಕವಾಗಿ ಬಂದವು. ಕಾಗದದಲ್ಲಿ ಸುತ್ತಿ ಪರದೆಯ ಕೆಳಗೆ ಸರಿಸಿದಾಗ ಪಟೇಲರು ಆಚೆಯಿಂದಲೇ ನನ್ನನ್ನು ಹರಸಿದರು. ಹೊಸ ಗಂಡು ಹೆಣ್ಣನ್ನ ಒಂದಿನ ನಮ್ಮನೆ ಊಟಕ್ಕೆ ಕಳ್ಸಿಕೊಡಿ ಅಂತ ಮಾವನವರಿಗೆ ಹೇಳಿ ಹೊರಟರು. ಅವರು ಹೋದ ಮೇಲೆ ನಾನು ಕೈ ತೊಳೆದು ಸಂಜೆಯ ಕೋಸಂಬರಿಗೆ ಬೇಳೆ ನೆನೆಹಾಕಿದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಮಂಗಳಾರತಿಯಾಯಿತು. ಮಾವನವರು ಒಂದೊಂದೇ ಸಾಮಾನಿನ ಮೇಲಿನ ಹೂವು ತೆಗೆದು ಎತ್ತಿಡುತ್ತಾ ಬಂದರು. ಕರಿ ಮದ್ದಿನ ಪೊಟ್ಟಣ ಕೈಗೆ ಬಂದಾಗ ಅವರ ಕೈ ನಿಂತಿತು. ಅದರ ದಾರದ ಗಂಟು ಹಾಗೇ ಇತ್ತು, ಮೇಲಿನ ಕುಂಕುಮ ಹಾಗೇ ಇತ್ತು. ಅವರು ಅದನ್ನು ಕೆಳಗಿಟ್ಟು, ಪರದೆ ಸರಿಸಿ, ಅಡುಗೆಮನೆಯ ಬಾಗಿಲವರೆಗೆ ಬಂದರು. ನಾನು ಆ ಮನೆಗೆ ಬಂದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು.

"ನಿನ್ನೆ ಯಾವ ಮದ್ದು ತುಂಬಿದೆಯಮ್ಮ?"

ಅಟ್ಟದ ಕಡೆ ಕೈ ತೋರಿಸಿದೆ. "ಆ ಹಸಿರು ಡಬ್ಬೀದು."

"ಎಷ್ಟೆಷ್ಟು?"

"ಒಂದೊಂದು ಮಿಳ್ಳೆ."

ಅವರು ಹೊಸಿಲ ಮೇಲೆ ಕೂತುಬಿಟ್ಟರು. ಹೊಸಿಲ ಮೇಲೆ ಕಾಲಿಟ್ಟರೆ ಬೈಯುತ್ತಿದ್ದ ಮನುಷ್ಯ. ಅತ್ತೆ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟರು. ನನ್ನ ಗಂಡ ಎರಡೇ ಮಾತಿನಲ್ಲಿ ನನಗೆ ಸಂಗತಿ ಬಿಡಿಸಿ ಹೇಳಿದ. ಅವನಾಗಲೇ ಅಂಗಿ ಹಾಕಿಕೊಳ್ಳುತ್ತಿದ್ದ. ಎಂಟು ಗಂಟೆಗೆ ಕುಣಿಗಲ್ಲಿಗೆ ಬಸ್ಸಿತ್ತು. ಪೊದೆ ಬಡಿಯುವುದು ಊಟವಾದ ಮೇಲೆ. ಆ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಹಳ್ಳಿ ಸೇರಬಹುದು, ಹತ್ತು ತೋಟೆ ವಾಪಸ್ ಇಸಿದುಕೊಂಡರೆ ಮುಗಿಯಿತು.

ಮಾವನವರು ಅವನ ತೋಳು ಹಿಡಿದರು. ಹೋಗಿ ಏನು ಹೇಳುತ್ತೀಯ ಅಂತ ಕೇಳಿದರು. ತಪ್ಪು ತುಂಬಿದ್ದೇವೆ ಅಂದರೆ ಸಂಜೆಯೊಳಗೆ ಕುಣಿಗಲ್ ಪೇಟೆಗೆಲ್ಲ ಗೊತ್ತಾಗುತ್ತೆ, ನಮ್ಮ ತೋಟೆ ಯಾರೂ ಮುಟ್ಟುವುದಿಲ್ಲ. ಡೀಸಿ ಆಫೀಸಿನವರಿಗೆ ತಿಳಿದರೆ ಲೈಸೆನ್ಸೇ ಹೋಗುತ್ತೆ, ಮೂರು ತಲೆಮಾರಿನ ಅಂಗಡಿ. ಗಾಬರಿಯಲ್ಲಿ ಓಡಿ ಬಂದ ಹಾಗೆ ಕಾಣಬಾರದು. ಪಟೇಲರು ಹೊಸ ಗಂಡು ಹೆಣ್ಣನ್ನು ಊಟಕ್ಕೆ ಕರೆದಿದ್ದಾರಲ್ಲ, ಇಬ್ಬರೂ ಹಬ್ಬದ ನೆಪದಲ್ಲಿ ಹೋಗಿ, ಹಣ್ಣು ಕೊಟ್ಟು, ಮಾತಿನ ಮಧ್ಯೆ ಇದಕ್ಕಿಂತ ಒಳ್ಳೆ ಸರಕು ಬಂದಿದೆ ಅಂತ ತೋಟೆ ಬದಲಾಯಿಸಿಕೊಂಡು ಬನ್ನಿ. ಹೀಗೆ ಅವರು ನಿಧಾನವಾಗಿ, ಒಂದೊಂದೇ ಮಾತನ್ನು ಕೂಡಿಸಿ ಹೇಳಿದರು. ಕೂಡಿಸಿದ ಮಾತು ಬಲು ಚೆನ್ನಾಗಿತ್ತು. ಆದರೆ ಹೊತ್ತು ಹೋಗುತ್ತಿತ್ತು.

ಉಟ್ಟ ಸೀರೆಯಲ್ಲೇ ಹೋಗೋಣ ಅಂದೆ. ಹೊಸ ಮದುಮಗಳು ಹತ್ತಿ ಸೀರೆಯಲ್ಲಿ ಊಟಕ್ಕೆ ಹೋದರೆ ಯಾರು ನಂಬುತ್ತಾರೆ ಅಂದರು. ಅತ್ತೆ ಪೆಟ್ಟಿಗೆಯ ಬೀಗದ ಕೈ ಹುಡುಕಿದರು, ರೇಷ್ಮೆ ಸೀರೆ ತೆಗೆದರು, ಜಡೆಗೆ ಹೂವು ಮುಡಿಸಿದರು. ಹೂವು ಎರಡು ಸಲ ಜಾರಿತು. ಮಾವನವರು ಬೀದಿಗೆ ಹೋಗಿ ಹಣ್ಣು ಆರಿಸಿ ಬುಟ್ಟಿಗೆ ತುಂಬಿ ತಂದರು, ಬೀರುವಿನಿಂದ ಹತ್ತು ತೋಟೆ ತೆಗೆದು ನನ್ನ ಗಂಡನ ಜೇಬಿಗೆ ಹಾಕಿದರು. ನಾವು ನಿಲ್ದಾಣಕ್ಕೆ ಹೋದಾಗ ಎಂಟರ ಬಸ್ಸು ಹೋಗಿ ಹೊಗೆಯೂ ಉಳಿದಿರಲಿಲ್ಲ. ಮುಂದಿನದು ಹನ್ನೊಂದಕ್ಕೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಯಾರೋ ಸುಖವಾಗಿದ್ದವರು ಹೇಳಿರಬೇಕು. ನಾನು ಆ ರೇಷ್ಮೆ ಸೀರೆಯನ್ನು ಮತ್ತೆ ಉಡಲೇ ಇಲ್ಲ.

ಹಬ್ಬದ ಬಸ್ಸು, ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ. ಒಳಗೆಲ್ಲ ಎಳ್ಳುಂಡೆ, ಪುರಿಯ ವಾಸನೆ. ಜನ ನಮ್ಮ ಬುಟ್ಟಿ, ನನ್ನ ಸೀರೆ ನೋಡಿ ನಗುತ್ತಾ ಜಾಗ ಮಾಡಿಕೊಟ್ಟರು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿ, ಹೊಸ ಸರಕು ಬಂದಿದೆ ಅನ್ನುವ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದ. ಕುಣಿಗಲ್ಲಿನಲ್ಲಿ ಇಳಿದಾಗ ಹನ್ನೆರಡೂವರೆ ದಾಟಿತ್ತು. ಮಾಗಡಿ ಕಡೆಯ ಬಸ್ಸು ಎರಡಕ್ಕೆ ಅಂದರು. ಗಾಡಿ ಕೇಳಿದರೆ ಹಬ್ಬದ ದಿನ ಎತ್ತು ಕಟ್ಟುವುದಿಲ್ಲ ಅಂದರು. ಅಲ್ಲೇ ಕಲ್ಲಿನ ಮೇಲೆ ಕೂತೆವು. ಅಷ್ಟು ಹೊತ್ತಿಗೆ ಪಟೇಲರ ಮನೆಯಲ್ಲಿ ಎಲೆ ಹಾಕಿರುತ್ತಾರೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಈಗ ಅನ್ನ ಬಡಿಸಿರುತ್ತಾರೆ. ಈಗ ಕೈ ತೊಳೆದಿರುತ್ತಾರೆ. ಚಿರತೆ ಸಿಗದಿರಲಿ ಅಂತ ಬೇಡಿಕೊಂಡೆ. ಹಿಂದಿನ ದಿನದವರೆಗೆ ದೇವರಿಗೆ ಅಷ್ಟು ಕಿವಿಗೊಡದವಳು, ಒಂದು ಕಾಡುಮೃಗದ ಆಯಸ್ಸಿಗೆ ಹರಕೆ ಹೊತ್ತೆ.

ಬಸ್ಸು ಇಳಿಸಿದ ಜಾಗದಿಂದ ಹಳ್ಳಿಗೆ ಎರಡು ಮೈಲಿ. ರಾಗಿ ಹೊಲದ ನಡುವೆ ಬಂಡಿ ಜಾಡು, ಎದುರಿಗೆ ದುರ್ಗದ ಬೋಳು ಬಂಡೆ. ಬಿಸಿಲಿನಲ್ಲಿ ಆ ಬೆಟ್ಟ ಸರಿದು ಹತ್ತಿರ ಬಂದ ಹಾಗೆ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ತಮಟೆ, ತಗಡಿನ ಸದ್ದು ಶುರುವಾಯಿತು. ನಾವು ಓಡತೊಡಗಿದೆವು. ನನ್ನ ಗಂಡ ಬುಟ್ಟಿ ಎಸೆದ, ನಾನು ನೆರಿಗೆ ಮೇಲೆತ್ತಿ ಕಟ್ಟಿದೆ. ಆಮೇಲೆ ತಮಟೆ ನಿಂತಿತು. ಹಿಂದೆಯೇ ಇನ್ನೊಂದು ಸದ್ದು ಬಂತು. ಬಂದೂಕಿನ ಸದ್ದು ಆ ಮನೆಗೆ ಬಂದ ಮೇಲೆ ನನಗೆ ಅಭ್ಯಾಸವಾಗಿತ್ತು. ಇದು ಅದಲ್ಲ, ಬಂಡೆಗೆ ಕುಳಿ ಹೊಡೆದು ಸಿಡಿಸುವಂಥ ಸದ್ದು. ನನ್ನ ಗಂಡ ನಿಂತಲ್ಲೇ ನಿಂತ. ಆಯ್ತು ಅಂದ.

ಸ್ವಲ್ಪ ಹೊತ್ತಿಗೆ ಎದುರಿಗೆ ಗಾಡಿ ಬಂತು, ಹಬ್ಬದ ದಿನ ಕಟ್ಟದ ಎತ್ತು ಕಟ್ಟಿದ್ದರು. ಸುತ್ತ ಹತ್ತಿಪ್ಪತ್ತು ಜನ. ಪಟೇಲರನ್ನು ಹುಲ್ಲಿನ ಮೇಲೆ ಮಲಗಿಸಿದ್ದರು. ನಾನು ಅವರ ಮುಖ ನೋಡಿದ್ದು ಆಗಲೇ ಮೊದಲು. ಅರವತ್ತರ ಹತ್ತಿರದವರು, ಬಿಳಿ ಮೀಸೆ, ಒಂದು ಕೆನ್ನೆಯ ತುಂಬ ಕಪ್ಪು ಚುಕ್ಕೆ. ಎಡಗೈಗೆ ಅವರದೇ ರುಮಾಲು ಸುತ್ತಿದ್ದರು, ಅದರೊಳಗೆ ಕೈಯಿನ ಆಕಾರ ಇರಲಿಲ್ಲ. ನಾವು ಯಾರು ಅಂತ ಜನ ಹೇಳಿದಾಗ ಅವರು ಕಣ್ಣು ತೆರೆದರು. ನನ್ನ ಸೀರೆ, ಹೂವು ನೋಡಿದರು.

"ತಪ್ಪಾಯ್ತು ಕಣವ್ವ. ಹಬ್ಬದ ದಿನ ನಿನ್ ಕೈಲಿ ಆಯುಧದ ಕೆಲ್ಸ ಮಾಡಿಸ್ದೆ. ಅಮ್ಮ ಸುಮ್ಕೆ ಬುಡ್ತಾಳಾ?"

ಸುತ್ತಲಿದ್ದವರು ತಲೆಯಾಡಿಸಿದರು. ನಾನು ಬಾಯಿ ತೆರೆದೆ. ನನ್ನ ಗಂಡನ ಬೆರಳು ನನ್ನ ಮೊಣಕೈಯನ್ನು ಒತ್ತಿ ಹಿಡಿಯಿತು. ಅವನು ಹಿಡಿದದ್ದಕ್ಕೆ ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಮಾತು ಕೇಳಿ ನನಗೆ ಹಾಯೆನಿಸಿತು. ಕೈ ಕಳೆದುಕೊಂಡ ಮನುಷ್ಯ ನನ್ನ ಎದುರಿಗೆ ಮಲಗಿದ್ದಾನೆ, ನನಗೆ ಹಾಯೆನಿಸಿತು. ಇದಕ್ಕಿಂತ ನಾಚಿಕೆಯ ಸಂಗತಿ ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಚಿರತೆ ತಪ್ಪಿಸಿಕೊಂಡು ಹೋಗಿತ್ತು. ಉಳಿದ ಒಂಬತ್ತು ತೋಟೆಗಳನ್ನು ನನ್ನ ಗಂಡ, ದೇವಿಯ ಕೋಪ ತಾಗಿದ ಸಾಮಾನು, ನೀರಿಗೆ ಬಿಡಬೇಕು ಅಂತ ಹೇಳಿ ಕೇಳಿ ಇಸಿದುಕೊಂಡ. ಜನ ಭಕ್ತಿಯಿಂದ ಕೊಟ್ಟರು. ವಾಪಸ್ ಬರುವಾಗ ಕುಣಿಗಲ್ ಕೆರೆಯ ಏರಿಯ ಮೇಲಿಂದ ಒಂದೊಂದಾಗಿ ಎಸೆದ. ಪೊಲೀಸರು ಬಂದು ವಿಚಾರಿಸಿದರು, ಹಳೇ ನಳಿಗೆ, ಒಳಗೆ ತುಕ್ಕು ಹಿಡಿದಿತ್ತು ಅಂತ ಬರೆದುಕೊಂಡು ಹೋದರು. ಪಟೇಲರ ಎಡಗೈಯನ್ನು ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಮೇಲಕ್ಕೆ ಕತ್ತರಿಸಿ ತೆಗೆದರು. ಮಾವನವರು ಅಂಗಡಿಯಲ್ಲಿ ಶಾಂತಿ ಮಾಡಿಸಿ ಊರಿಗೆಲ್ಲ ಊಟ ಹಾಕಿದರು. ಆ ಅಂಗಡಿಯ ದೇವಿ ಬಲು ಖಡಕ್ ಅಂತ ಹಳ್ಳಿಗಳಲ್ಲಿ ಮಾತು ಹಬ್ಬಿತು, ಗಿರಾಕಿಗಳು ಹೆಚ್ಚಾದರು. ಹಸಿರು ಡಬ್ಬಿ ಅಟ್ಟದಿಂದ ಹೋಯಿತು, ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೀದಿಯಲ್ಲಿ ಯಾರು ದನಿಯೆತ್ತಿದರೂ ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಮಾವನವರು ಅಂದಿನಿಂದ ನನ್ನ ಜೊತೆ ನೇರವಾಗಿ, ಬಹಳ ಮೆತ್ತಗೆ ಮಾತಾಡತೊಡಗಿದರು. ಆ ಮೆತ್ತನೆಯ ದನಿಗೆ ನನಗೆ ಭಯವಾಗುತ್ತಿತ್ತು.

ಅವರೆಕಾಯಿ ಕಾಲದಲ್ಲಿ, ಒಂದು ಮಂಗಳವಾರ, ಪಟೇಲರು ಬಂದರು. ಜೊತೆಗೆ ಮದುವೆಯಾದ ದೊಡ್ಡ ಮಗ, ತಲೆಯ ಮೇಲೆ ಅವರೆಕಾಯಿ ಮೂಟೆ. ಮನೆ ಸೊಸೆಯನ್ನು ನೋಡಬೇಕು ಅಂದರು. ಮಾವನವರು ಪರದೆ ಸರಿಸಿ ನನ್ನನ್ನು ಅಂಗಡಿಗೆ ಕರೆದರು. ಪಟೇಲರು ಎದ್ದು ನಿಂತು ಬಲಗೈ ಒಂದನ್ನೇ ಎದೆಯ ಹತ್ತಿರ ಎತ್ತಿ ಹಿಡಿದರು. ಅದು ನಮಸ್ಕಾರ ಅಂತ ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಎಳೆಸೊಸೆಯ ಕೈಯಲ್ಲಿ ಹಬ್ಬದ ದಿನ ಕೆಲಸ ಮಾಡಿಸಿದ ಪಾಪ ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ, ನೀನು ಒಂದು ಮಾತು ಕ್ಷಮಿಸಿದೆ ಅಂದುಬಿಡು ತಾಯಿ ಅಂತ ಕೇಳಿದರು. ಮಗನ ಕಣ್ಣಲ್ಲಿ ನೀರಿತ್ತು.

ಇನ್ನು ತಡೆಯಲಾಗಲಿಲ್ಲ.

"ನಿಮ್ಮ ತಪ್ಪಲ್ಲ ಪಟೇಲರೇ. ನಾನು ಬೇರೆ ಮದ್ದು ತುಂಬಿದೆ. ಅಳತೆ ತಪ್ಪಿತು. ನಿಮ್ಮ ಕೈ ಹೋದದ್ದು ನನ್ನಿಂದ."

ನನ್ನ ಗಂಡ ತಲೆ ತಗ್ಗಿಸಿದ. ಮಾವನವರ ಮುಖ ನಾನು ನೋಡಲಿಲ್ಲ. ಬೈಯಲಿ, ಬಂದೂಕು ಎತ್ತಲಿ, ಪೊಲೀಸರನ್ನು ಕರೆಯಲಿ, ಏನಾದರೂ ಆಗಲಿ, ಮುಗಿಯಲಿ ಅಂತ ಕಾದೆ.

ಪಟೇಲರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರ ಮುಖ ಅರಳಿತು. ಮಗನ ಕಡೆ ತಿರುಗಿದರು.

"ನೋಡ್ಲಾ. ನಾನು ನೊಂದ್ಕೋತೀನಿ ಅಂತ ತಪ್ಪನ್ನ ತನ್ ಮೇಲೆ ಹಾಕ್ಕೋತಾ ಅವ್ಳೆ. ದೊಡ್ಡೋರ ಮನೆ ಸೊಸೆ ಅಂದ್ರೆ ಇಂಗಿರ್ಬೇಕು."

ಇಲ್ಲ, ನಿಜ ಅಂದೆ. ಡಬ್ಬಿಯ ಬಣ್ಣ ಹೇಳಿದೆ, ಮಿಳ್ಳೆಯ ವಿಷಯ ಹೇಳಿದೆ. ಹೇಳಿದಷ್ಟೂ ಅವರ ಕಣ್ಣು ತುಂಬಿ ಬಂತು, ಬೇಡ ತಾಯಿ, ಸಾಕು ಅಂತ ಇರುವ ಒಂದು ಕೈಯನ್ನು ನನ್ನ ತಲೆಯ ಮೇಲಿಟ್ಟರು. ಮಾವನವರು, ನಮ್ಮ ಸೊಸೆ ಅಂಥವಳೇ ಪಟೇಲರೇ, ಬಂದ ದಿನದಿಂದ ನೋಡ್ತಾ ಇದೀನಿ ಅಂದರು. ಆ ಕ್ಷಣದಲ್ಲಿ ನನಗೆ ಅವರನ್ನು ಕಂಡು ಬಂದಷ್ಟು ಅಸಹ್ಯ ಇನ್ಯಾರನ್ನು ಕಂಡೂ ಬಂದಿಲ್ಲ. ನನ್ನನ್ನು ಬಿಟ್ಟು.

ಪಟೇಲರು ಕೂತು ಹಾಲು ಕುಡಿದರು. ಮಗನ ಹೆಸರಿಗೆ ಲೈಸೆನ್ಸು ಆಗಿದೆ, ಅವನಿಗೊಂದು ಬಂದೂಕು ಬೇಕು ಅಂದರು. ಮಾವನವರು ಗೋಡೆಯಿಂದ ಒಂದನ್ನು ಇಳಿಸಿ ತೋರಿಸಿದರು. ವ್ಯಾಪಾರ ಕುದುರಿತು. ತೋಟೆಗೆ ಬೀರು ತೆಗೆಯಹೋದಾಗ ಪಟೇಲರು ಬೇಡವೆಂದು ತಡೆದರು. ಇಂಥ ಪುಣ್ಯವಂತೆ ಮನೆಯಲ್ಲಿರುವಾಗ ಬೀರುವಿನದು ಯಾಕೆ, ಈ ತಾಯಿ ಕೈಯಾರೆ ತುಂಬಿದ್ದನ್ನೇ ಮಗನಿಗೆ ಕೊಡಿ ಅಂದರು.

ಮಾವನವರು ನನ್ನ ಕಡೆ ನೋಡಿದರು. ತುಂಬಿಕೊಡಮ್ಮ ಅಂದರು, ಅದೇ ಮೆತ್ತನೆಯ ದನಿಯಲ್ಲಿ.

ಒಳಗೆ ಹೋಗಿ ಚಾಪೆ ಹಾಸಿದೆ. ಅತ್ತೆ ಪಕ್ಕದಲ್ಲಿ ಕೂತು ಕರಿ ಮದ್ದಿನ ಪಾತ್ರೆ ಮುಂದಿಟ್ಟರು, ನಾನು ಮೂಸಿ ನೋಡಿದೆ, ಬೆರಳಿಗೆ ಹಚ್ಚಿ ನೋಡಿದೆ, ಅವರನ್ನು ಎರಡು ಸಲ ಕೇಳಿದೆ. ಹತ್ತು ತುಂಬುವುದಕ್ಕೆ ಒಂದು ಗಂಟೆ ಹಿಡಿಯಿತು. ಕಾಗದದಲ್ಲಿ ಸುತ್ತಿ ನಾನೇ ತಂದುಕೊಟ್ಟೆ. ಮಗ ಎರಡೂ ಕೈ ಒಡ್ಡಿ ಇಸಿದುಕೊಂಡ.